ಅರ್ಧ ಗಂಟೆಯ ಊಟ, ರವಿವಾರದ ಸೂಟಿ: ನಾರಾಯಣ ಮೇಘಾಜಿ ಲೋಖಂಡೆ



ಹೋದ ಸಭೆಯಲ್ಲಿ ಚಹಾದ ಹೊತ್ತಿಗೆ ಒಬ್ಬ ಸದಸ್ಯರು ತಮ್ಮ ಮಗನ ನೌಕರಿಯ ವಿಷಯ ಹೇಳುತ್ತಿದ್ದರು. ದೊಡ್ಡ ಕಾರ್ಖಾನೆ, ಪಗಾರವೂ ಚಲೋ ಇದೆ. ಆದರೆ ಪಾಳಿಯ ನಡುವೆ ಊಟಕ್ಕೆ ಎದ್ದರೆ ನಿಮಿಷ ಎಣಿಸುತ್ತಾರಂತೆ, ಯಂತ್ರದ ಹತ್ತಿರ ಒಂದು ಬಿಸ್ಕತ್ತು ಕೂಡ ಬಾಯಿಗೆ ಹಾಕುವಂತಿಲ್ಲವಂತೆ. ಇಂಥ ನಿಯಮಗಳನ್ನೆಲ್ಲ ಯಾರು ಮಾಡಿದರು ಎಂದು ಅವರು ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು. ಆ ಅರ್ಧ ಗಂಟೆಯನ್ನಾದರೂ ಯಾರು ಕೊಡಿಸಿದರು, ಅದನ್ನೂ ಕೇಳಿ ಎಂದು ಪಕ್ಕದಲ್ಲಿದ್ದ ಇನ್ನೊಬ್ಬ ಹಿರಿಯರು ಅಂದರು. ಆ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಈ ಸಲದ ಪರಿಚಯ ಲೇಖನ ಬರೆದಿದ್ದೇನೆ.

ಈ ಸಲದವರು ಕನ್ನಡಿಗರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮರಾಠಿ ಮಾತಾಡಿದವರು, ಮುಂಬಯಿಯಲ್ಲಿ ಬಾಳಿ ಅಲ್ಲೇ ಮಣ್ಣಾದವರು. ಆದರೆ ಸೊಲ್ಲಾಪುರದಲ್ಲಿ 1877ರಲ್ಲಿ ಮೊದಲ ನೂಲಿನ ಗಿರಣಿ ಶುರುವಾಯಿತು. ಈಗಲೂ ನಾವು ಜುನಿ ಗಿರಣಿ ಎನ್ನುತ್ತೇವಲ್ಲ, ಅದೇ. ಅಂದಿನಿಂದ ಅಕ್ಕಲಕೋಟೆ, ಜತ್ತ, ಇಂಡಿ, ವಿಜಾಪುರದ ಕಡೆಯಿಂದ ಎಷ್ಟೋ ಕನ್ನಡದ ಮನೆಗಳು ಗಿರಣಿಯ ಭೋಂಗಾ ಕೇಳಿ ಎದ್ದು, ಭೋಂಗಾ ಕೇಳಿ ಉಂಡು, ಭೋಂಗಾ ಕೇಳಿ ಮಲಗಿದವು. ಮಧ್ಯಾಹ್ನದ ಭೋಂಗಾ ಕೂಗಿದಾಗ ಯಂತ್ರ ನಿಂತು ನಮ್ಮ ಅಜ್ಜಂದಿರು ರೊಟ್ಟಿಯ ಬುತ್ತಿ ಬಿಚ್ಚಿದರಲ್ಲ, ಯಂತ್ರ ನಿಲ್ಲಬೇಕು ಎಂಬ ಆ ಮಾತನ್ನು ಕಾಯ್ದೆಯವರೆಗೆ ತಲುಪಿಸಿದವರಲ್ಲಿ ಮುಖ್ಯರು ನಾರಾಯಣ ಮೇಘಾಜಿ ಲೋಖಂಡೆ. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸಭೆಯಲ್ಲಿ ಕೇಳಿದಾಗ ಎದ್ದದ್ದು ಎರಡೇ ಕೈ.

ಲೋಖಂಡೆಯವರು ಹುಟ್ಟಿದ್ದು 1848ರಲ್ಲಿ, ಠಾಣೆಯಲ್ಲಿ. ಮನೆತನದ ಮೂಲ ಪುಣೆ ಜಿಲ್ಲೆ. ಜಾತಿಯಲ್ಲಿ ಫೂಲಮಾಳಿ, ಅಂದರೆ ಹೂವು, ತೋಟದ ಕಸುಬಿನವರು. ಶಾಲೆಯಲ್ಲಿ ಚುರುಕಾಗಿದ್ದರೂ ಮನೆಯ ಪರಿಸ್ಥಿತಿಯಿಂದ ಮುಂದಿನ ಓದು ಆಗಲಿಲ್ಲ. ಇಂಗ್ಲಿಷು ಬರುತ್ತಿತ್ತು, ಅಕ್ಷರ ಬರುತ್ತಿತ್ತು, ಆ ಕಾಲಕ್ಕೆ ಅಷ್ಟು ಸಾಕು ನೌಕರಿ ಸಿಗಲಿಕ್ಕೆ. ಮೊದಲು ರೈಲ್ವೆಯಲ್ಲಿ, ಆಮೇಲೆ ಅಂಚೆ ಖಾತೆಯಲ್ಲಿ ಗುಮಾಸ್ತಿಕೆ ಮಾಡಿದರು. ಅಲ್ಲಿಂದ ಮುಂಬಯಿಯ ಮಾಂಡವಿಯ ಒಂದು ಬಟ್ಟೆ ಗಿರಣಿಗೆ ಬಂದು ಉಗ್ರಾಣದ ಲೆಕ್ಕ ನೋಡುವ ಸ್ಟೋರ್ ಕೀಪರ್ ಆದರು.

ಈ ನೌಕರಿ ಅವರ ಬದುಕನ್ನು ತಿರುಗಿಸಿತು. ನಾನೂ ಗುಮಾಸ್ತನಾಗಿಯೇ ನಿವೃತ್ತನಾದವನು, ಅದಕ್ಕೇ ಇದನ್ನು ಸ್ವಲ್ಪ ಅಭಿಮಾನದಿಂದ ಬರೆಯುತ್ತಿದ್ದೇನೆ. ಉಗ್ರಾಣದ ಗುಮಾಸ್ತ ಮಾಲೀಕನೂ ಅಲ್ಲ, ಕೂಲಿಯೂ ಅಲ್ಲ. ಆತನ ಮೇಜು ನಡುವೆ ಇರುತ್ತದೆ. ಮೇಲಿನವರು ಏನು ಲೆಕ್ಕ ಹಾಕುತ್ತಾರೆ, ಕೆಳಗಿನವರು ಏನು ಅನುಭವಿಸುತ್ತಾರೆ ಎರಡೂ ಅವನ ಕಣ್ಣಿಗೆ ಬೀಳುತ್ತವೆ. ಬಹಳ ಜನ ನೋಡಿಯೂ ಸುಮ್ಮನಿರುತ್ತಾರೆ. ಲೋಖಂಡೆಯವರು ನೋಡಿದ್ದನ್ನು ಬರೆದಿಟ್ಟರು.

ಅವರು ಏನು ನೋಡಿದರು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುಂಬಯಿಯ ಮೊದಲ ಗಿರಣಿಯನ್ನು ಕಾವಸಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದರು. ಮುಂದಿನ ಮೂವತ್ತು ವರ್ಷಗಳಲ್ಲಿ ಪರೇಲ, ಲಾಲಬಾಗ, ತಾಡದೇವ ಕಡೆ ಚಿಮಣಿಗಳ ಕಾಡೇ ಎದ್ದಿತು. ಗಿರಣಿಗಳಲ್ಲಿ ಇನ್ನೂ ವಿದ್ಯುತ್ ದೀಪ ಬಂದಿರಲಿಲ್ಲ. ಆದ್ದರಿಂದ ಕೆಲಸದ ಹೊತ್ತನ್ನು ಸೂರ್ಯನೇ ನಿಶ್ಚಯಿಸುತ್ತಿದ್ದ. ಬೆಳಕು ಹರಿಯುತ್ತಲೇ ಯಂತ್ರ ಶುರು, ಕತ್ತಲಾಗುವವರೆಗೆ ನಡೆಯಿತು. ಬೇಸಿಗೆಯಲ್ಲಿ ಅದು ಹದಿಮೂರು ತಾಸಿನ ಮೇಲೂ ಹೋಗುತ್ತಿತ್ತು. ದೂರದ ಚಾಳಿನವರು ಕೋಳಿ ಕೂಗುವ ಮೊದಲೇ ಎದ್ದು ನಡೆಯಬೇಕು. ವಾರಕ್ಕೊಂದು ಸೂಟಿ ಎಂಬುದು ಇಲ್ಲ. ದೊಡ್ಡ ಹಬ್ಬಗಳಿಗೆ ಬಾಗಿಲು ಹಾಕುತ್ತಿದ್ದರು. ನಡುವೆ ಯಂತ್ರ ತೊಳೆಯಲು ನಿಲ್ಲಿಸಿದ ದಿನವೂ ಕೂಲಿಕಾರರು ಬಂದು ಅರ್ಧ ದಿನ ತೊಳೆಯಬೇಕು.

ಊಟದ ವಿಷಯಕ್ಕೆ ನಿಯಮವೇ ಇರಲಿಲ್ಲ ಎನ್ನಬಹುದು. ಕೆಲವು ಗಿರಣಿಗಳು ಮಧ್ಯಾಹ್ನ ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸುತ್ತಿದ್ದವು, ಕೆಲವು ನಿಲ್ಲಿಸುತ್ತಲೇ ಇರಲಿಲ್ಲ. ಎಲ್ಲವೂ ಮ್ಯಾನೇಜರ್ ಸಾಹೇಬರ ಮರ್ಜಿ. ಹಬೆಯ ಯಂತ್ರ ಒಂದೇ, ಅದರಿಂದ ಪಟ್ಟಿಗಳ ಮೂಲಕ ಇಡೀ ಗಿರಣಿ ತಿರುಗಬೇಕು. ಒಬ್ಬನ ಊಟಕ್ಕೆಂದು ಒಂದು ಯಂತ್ರ ನಿಲ್ಲಿಸುವುದು ಬೇರೆ, ಎಲ್ಲರ ಊಟಕ್ಕೆಂದು ಇಡೀ ಗಿರಣಿ ನಿಲ್ಲಿಸುವುದು ಬೇರೆ. ನಿಲ್ಲಿಸಿದರೆ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ, ನೂಲು ಮಾತ್ರ ಬರುವುದಿಲ್ಲ. ಮಾಲೀಕರ ಲೆಕ್ಕ ಇದು. ಹಾಗಾಗಿ ಕೂಲಿಕಾರ ತನ್ನ ಯಂತ್ರವನ್ನು ಪಕ್ಕದವನಿಗೆ ಒಪ್ಪಿಸಿ, ಮೂಲೆಗೆ ಹೋಗಿ ನಾಲ್ಕು ತುತ್ತು ತಿಂದು ಓಡಿ ಬರಬೇಕು. ಆಮೇಲೆ ಪಕ್ಕದವನ ಯಂತ್ರ ಇವನು ನೋಡಬೇಕು. ಆ ಹೊತ್ತಿನಲ್ಲಿ ದಾರ ಹರಿದರೆ ದಂಡ ಯಾರ ಹೆಸರಿಗೆ ಎಂಬ ಜಗಳ ಬೇರೆ. ಗಾಳಿಯಲ್ಲಿ ಹತ್ತಿಯ ಧೂಳು, ಆ ಧೂಳೇ ರೊಟ್ಟಿಯ ಮೇಲೆ.

ಮಾಲೀಕರಿಗೆ ಇನ್ನೊಂದು ವಾದವೂ ಇತ್ತು, ಅದು ಮುಂದೆ ಎಷ್ಟೋ ವರ್ಷ ನಡೆಯಿತು. ಈ ದೇಶದ ಕೂಲಿಕಾರ ಹೇಗೂ ಆಗಾಗ ಅಂಗಳಕ್ಕೆ ಹೋಗಿ ಬೀಡಿ ಸೇದುತ್ತಾನೆ, ತಿನ್ನುತ್ತಾನೆ, ಕಾಲ ಕಳೆಯುತ್ತಾನೆ, ಅವನಿಗೆ ಪ್ರತ್ಯೇಕ ಬಿಡುವು ಯಾಕೆ ಎಂಬುದು. ಹದಿಮೂರು ತಾಸು ಕುಳಿತುಕೊಳ್ಳಲು ಬಿಡದಿದ್ದರೆ ಮನುಷ್ಯ ಕದ್ದು ಬಿಡುವು ಮಾಡಿಕೊಳ್ಳದೆ ಇನ್ನೇನು ಮಾಡುತ್ತಾನೆ? ಕದ್ದ ಬಿಡುವಿಗೆ ಗದರಿಕೆ ಉಂಟು, ದಂಡ ಉಂಟು. ಹಕ್ಕಿನ ಬಿಡುವಿಗೆ ಅದಿಲ್ಲ. ಲೋಖಂಡೆಯವರ ಬೇಡಿಕೆಯ ತಿರುಳೇ ಈ ವ್ಯತ್ಯಾಸ ಎಂದು ನನಗೆ ಅನಿಸುತ್ತದೆ.

ಹೊಟ್ಟೆಯ ಇನ್ನೊಂದು ಕಷ್ಟ ಪಗಾರದ ದಿನದ್ದು. ತಿಂಗಳ ಪಗಾರ ತಿಂಗಳು ಮುಗಿದ ಮೇಲೆ ಎಷ್ಟೋ ದಿನ ಕೈಗೆ ಬರುತ್ತಿರಲಿಲ್ಲ, ಕೆಲವೊಮ್ಮೆ ಇನ್ನೊಂದು ತಿಂಗಳೇ ಕಳೆಯುತ್ತಿತ್ತು. ಅಲ್ಲಿಯವರೆಗೆ ಜೋಳ, ಅಕ್ಕಿ, ಎಣ್ಣೆ ಎಲ್ಲ ಅಂಗಡಿಯವನ ಉದ್ದರಿ ಖಾತೆಯಲ್ಲಿ, ಬಡ್ಡಿ ಸಮೇತ. ಬುತ್ತಿ ಕಟ್ಟಲಿಕ್ಕೂ ಸಾಲ, ಬುತ್ತಿ ಉಣ್ಣಲಿಕ್ಕೆ ಹೊತ್ತಿಲ್ಲ.

1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂತು. ಅದು ಬಂದ ಬಗೆಯೂ ವಿಚಿತ್ರ. ಮುಂಬಯಿಯ ಅಗ್ಗದ ನೂಲು ತಮ್ಮ ವ್ಯಾಪಾರ ಕೆಡಿಸುತ್ತದೆ ಎಂದು ಮ್ಯಾಂಚೆಸ್ಟರಿನ ಮಾಲೀಕರು ಒಂದು ಕಡೆಯಿಂದ ಒತ್ತಾಯ ಮಾಡುತ್ತಿದ್ದರು. ಇಲ್ಲಿ ಸೊರಾಬಜಿ ಶಾಪೂರಜಿ ಬೆಂಗಾಲಿ ಎಂಬ ಪಾರ್ಸಿ ಸಜ್ಜನರು ನಿಜವಾದ ಕನಿಕರದಿಂದ ಕೂಲಿ ಮಕ್ಕಳ ಪರ ಬಡಿದಾಡುತ್ತಿದ್ದರು. ಎರಡೂ ಸೇರಿ ಕಾಯ್ದೆಯಾಯಿತು. ಆದರೆ ಅದರಲ್ಲಿ ಇದ್ದದ್ದು ಮಕ್ಕಳ ರಕ್ಷಣೆ ಮಾತ್ರ. ಏಳು ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಏಳರಿಂದ ಹನ್ನೆರಡರ ಮಕ್ಕಳಿಗೆ ಒಂಬತ್ತು ತಾಸಿನ ಮೇಲೆ ಕೆಲಸ ಕೂಡದು, ಅವರಿಗೆ ಒಂದು ತಾಸು ಬಿಡುವು, ತಿಂಗಳಿಗೆ ನಾಲ್ಕು ಸೂಟಿ. ಅದೂ ನೂರು ಜನರ ಮೇಲಿರುವ ಕಾರ್ಖಾನೆಗೆ ಮಾತ್ರ. ಆ ಮಗುವಿನ ಅಪ್ಪ ಅವ್ವನ ಊಟದ ಬಗ್ಗೆ ಕಾಯ್ದೆಯಲ್ಲಿ ಒಂದು ಅಕ್ಷರ ಇರಲಿಲ್ಲ.

ಇಷ್ಟರಲ್ಲಿ ಲೋಖಂಡೆಯವರು ಜ್ಯೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜಕ್ಕೆ ಸೇರಿದ್ದರು. ಸಮಾಜದ ವಿಚಾರಗಳಿಗಾಗಿ ಕೃಷ್ಣರಾವ್ ಭಾಲೇಕರ್ 1877ರಲ್ಲಿ ಪುಣೆಯಲ್ಲಿ ದೀನಬಂಧು ಎಂಬ ಪತ್ರಿಕೆ ಶುರು ಮಾಡಿದ್ದರು. ಹಣವಿಲ್ಲದೆ ಅದು ನಿಲ್ಲುವ ಸ್ಥಿತಿಗೆ ಬಂದಾಗ 1880ರಲ್ಲಿ ಲೋಖಂಡೆಯವರು ವಹಿಸಿಕೊಂಡು ಮುಂಬಯಿಗೆ ತಂದರು. ಕೊನೆಯವರೆಗೂ ಅದರ ಸಂಪಾದಕರಾಗಿದ್ದರು. ಗಿರಣಿ ಕೂಲಿಕಾರರ ಕಷ್ಟ ಮರಾಠಿಯಲ್ಲಿ ವಾರವಾರವೂ ಅಚ್ಚಾಗತೊಡಗಿದ್ದು ಈ ಪತ್ರಿಕೆಯಲ್ಲೇ. ಬೇರೆ ದೊಡ್ಡ ಪತ್ರಿಕೆಗಳು ಆಗ ಕಾರ್ಖಾನೆ ಕಾಯ್ದೆಯನ್ನು ವಿರೋಧಿಸುತ್ತಿದ್ದವು. ಇದು ವಿಲಾಯತಿ ಮಾಲೀಕರ ಹೂಟ, ಸ್ವದೇಶಿ ಉದ್ಯಮಕ್ಕೆ ಪೆಟ್ಟು ಎಂಬುದು ಅವುಗಳ ನಿಲುವು. ತಿಲಕರ ಕೇಸರಿಯ ನಿಲುವೂ ಅದೇ ಆಗಿತ್ತು. ಆ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಮ್ಯಾಂಚೆಸ್ಟರಿನ ಕರುಣೆ ಶುದ್ಧವಾಗಿರಲಿಲ್ಲ. ಆದರೆ ಸ್ವದೇಶಿ ಗಿರಣಿಯಲ್ಲಿ ಹಸಿದವನ ಹಸಿವೂ ಸ್ವದೇಶಿಯೇ ಅಲ್ಲವೇ?

ಗುರುಗಳಾದ ಫುಲೆಯವರ ಜೊತೆ ಲೋಖಂಡೆಯವರಿಗೆ ಒಂದು ತಕರಾರೂ ಆಗಿತ್ತು. ಫುಲೆಯವರು ರೈತರ ಕಷ್ಟದ ಮೇಲೆ ಬರೆದ ಶೇತಕರ್‍ಯಾಚಾ ಆಸೂಡ ಎಂಬ ಕೃತಿಯ ಮೊದಲ ಎರಡು ಅಧ್ಯಾಯ ದೀನಬಂಧುವಿನಲ್ಲಿ ಬಂದವು. ಮುಂದಿನದು ಬರಲಿಲ್ಲ. ಬರಹದ ಬಿಸಿ ಸಂಪಾದಕರಿಗೆ ಹೆಚ್ಚಾಗಿ ಕಂಡಿತು. ಫುಲೆಯವರು ಬಹಳ ಸಿಟ್ಟಾದರು. ಲೋಖಂಡೆಯವರು ಎಚ್ಚರಿಕೆಯ ಮನುಷ್ಯ, ಸರ್ಕಾರದೊಡನೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವ ಸ್ವಭಾವ. ಇದನ್ನು ಅವರ ದೋಷ ಎನ್ನುವವರಿದ್ದಾರೆ. ಆದರೆ ಇಬ್ಬರ ನಡುವಿನ ನಂಟು ಹರಿಯಲಿಲ್ಲ. ಮುಂಬಯಿಯ ಗಿರಣಿ ಕೂಲಿಕಾರರ ಸಭೆಗಳಲ್ಲಿ ಫುಲೆಯವರೂ ಬಂದು ಮಾತಾಡಿದರು.

1884ರಲ್ಲಿ ಮುಂಬಯಿ ಸರ್ಕಾರ ಗಿರಣಿಗಳ ಸ್ಥಿತಿ ವಿಚಾರಿಸಲು ಒಂದು ಆಯೋಗ ನೇಮಿಸಿತು. ಮುಂಬಯಿಯ ಕಲೆಕ್ಟರ್ ಮುಲಾಕ್ ಅದರ ಅಧ್ಯಕ್ಷರು. ಆಯೋಗ ಮಾಲೀಕರನ್ನು ಕೇಳುತ್ತದೆ, ಮ್ಯಾನೇಜರರನ್ನು ಕೇಳುತ್ತದೆ, ಕೂಲಿಕಾರರ ಪರವಾಗಿ ಯಾರು ಹೇಳಬೇಕು? ಲೋಖಂಡೆಯವರು ಆ ವರ್ಷ ಸೆಪ್ಟೆಂಬರ್ 23ರಂದು ಪರೇಲಿನ ಸುಪಾರಿಬಾಗದಲ್ಲಿ ಕೂಲಿಕಾರರ ಸಭೆ ಕರೆದರು. ಮೂರು ದಿನ ಬಿಟ್ಟು 26ರಂದು ಮತ್ತೆ ಸೇರಿದರು. ಗಿರಣಿ ಕೂಲಿಕಾರರು ತಾವೇ ಸಭೆ ಸೇರಿ ತಮ್ಮ ಬೇಡಿಕೆ ಗೊತ್ತುಮಾಡಿದ್ದು ಈ ದೇಶದಲ್ಲಿ ಮೊದಲ ಸಲ ಎಂದು ಇದನ್ನು ಎಣಿಸುತ್ತಾರೆ. ಅಲ್ಲಿ ಒಪ್ಪಿದ ಅರ್ಜಿಗೆ ಸುಮಾರು 5,500 ಜನ ಸಹಿ ಹಾಕಿದರು. ಸಹಿ ಎಂದರೆ ಬಹಳಷ್ಟು ಜನರದ್ದು ಹೆಬ್ಬೆಟ್ಟೇ ಇದ್ದಿರಬೇಕು.

ಅರ್ಜಿಯಲ್ಲಿ ಕೇಳಿದ್ದು ಐದು ಸಂಗತಿ. ರವಿವಾರ ಪೂರ್ತಿ ಸೂಟಿ ಬೇಕು. ಮಧ್ಯಾಹ್ನ ಅರ್ಧ ತಾಸು ಬಿಡುವು ಬೇಕು. ಕೆಲಸ ಬೆಳಿಗ್ಗೆ ಆರೂವರೆಗೆ ಶುರುವಾಗಿ ಸೂರ್ಯ ಮುಳುಗಿದಾಗ ನಿಲ್ಲಬೇಕು. ಒಂದು ತಿಂಗಳ ಪಗಾರ ಮುಂದಿನ ತಿಂಗಳ ಹದಿನೈದರೊಳಗೆ ಸಿಗಬೇಕು. ಕೆಲಸದಲ್ಲಿ ಪೆಟ್ಟಾದರೆ ಗುಣವಾಗುವವರೆಗೆ ಪೂರ್ತಿ ಪಗಾರ, ಜೀವನಪೂರ್ತಿ ಊನವಾದರೆ ಹೊಟ್ಟೆಪಾಡಿಗೆ ವ್ಯವಸ್ಥೆ ಆಗಬೇಕು.

ಈ ಪಟ್ಟಿಯನ್ನು ಎಷ್ಟು ಸಲ ಓದಿದರೂ ನನಗೆ ಆಶ್ಚರ್ಯ, ಬೇಡಿಕೆಗಳು ಅಷ್ಟು ಸಣ್ಣವು. ಎಂಟು ತಾಸಿನ ದಿನ ಕೇಳಲಿಲ್ಲ, ಹತ್ತು ತಾಸಿನದೂ ಕೇಳಲಿಲ್ಲ. ಸೂರ್ಯ ಮುಳುಗುವವರೆಗೆ ದುಡಿಯುತ್ತೇವೆ, ನಡುವೆ ಅರ್ಧ ತಾಸು ಕುಳಿತು ಉಣ್ಣಲು ಬಿಡಿ ಎಂದರು. ಪಗಾರ ಹೆಚ್ಚು ಮಾಡಿ ಎಂದೂ ಅನ್ನಲಿಲ್ಲ, ದುಡಿದದ್ದನ್ನು ಹದಿನೈದನೇ ತಾರೀಖಿಗಾದರೂ ಕೊಡಿ ಎಂದರು. ಇದೂ ಸಿಗಲು ಆರೇಳು ವರ್ಷ ಹಿಡಿಯಿತು ಎಂದರೆ ಕಾಲ ಹೇಗಿತ್ತೆಂದು ತಿಳಿಯಿರಿ.

ಅದೇ ಆಯೋಗದ ಮುಂದೆ ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ವಿಷಯವೂ ಬಂತು. ಆದವಾನಿ ಕಡೆಯ ನಮ್ಮ ಸದಸ್ಯರಿಗೆ ಜಿನ್ನಿಂಗ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಖಾನದೇಶದ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಸುಗ್ಗಿಯ ದಿನಗಳಲ್ಲಿ ಹೆಂಗಸರು ಹಗಲು ರಾತ್ರಿ ಕೂಡಿಸಿ ದಿನಗಟ್ಟಲೆ ದುಡಿಯುತ್ತಿದ್ದರು, ದಣಿದು ಬೀಳುವವರೆಗೂ ದುಡಿಯುತ್ತಿದ್ದರು ಎಂದು ಸಾಕ್ಷ್ಯ ಹೇಳಿತು. ಕೆಲವೇ ತಿಂಗಳ ಕೆಲಸವಾದ್ದರಿಂದ 1881ರ ಕಾಯ್ದೆಗೆ ಅವು ಸಿಗುತ್ತಲೂ ಇರಲಿಲ್ಲ. ಇಷ್ಟೆಲ್ಲ ಕೇಳಿ ಬರೆದುಕೊಂಡರೂ ಆಯೋಗದ ವರದಿಯಿಂದ ಹೊಸ ಕಾಯ್ದೆ ಕೂಡಲೇ ಬರಲಿಲ್ಲ. ಅರ್ಜಿ ಕಡತಕ್ಕೆ ಹೋಯಿತು. ಕಡತಕ್ಕೆ ಹೋದ ಅರ್ಜಿಯ ಗತಿ ನಮ್ಮಂಥ ಗುಮಾಸ್ತರಿಗೆ ಗೊತ್ತಿದ್ದದ್ದೇ.

ಲೋಖಂಡೆಯವರು ಸ್ಥಾಪಿಸಿದ ಸಂಘದ ಹೆಸರು ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್. ಅದು 1884ರಲ್ಲೇ ಹುಟ್ಟಿತು ಎಂದು ಕೆಲವರು, 1890ರಲ್ಲಿ ಎಂದು ಕೆಲವರು ಬರೆಯುತ್ತಾರೆ. ಈ ಗೊಂದಲಕ್ಕೆ ಕಾರಣ ಇದೆ. ಆ ಸಂಘಕ್ಕೆ ಸದಸ್ಯರ ಪಟ್ಟಿ ಇರಲಿಲ್ಲ, ನಿಧಿ ಇರಲಿಲ್ಲ, ನಿಯಮಾವಳಿ ಇರಲಿಲ್ಲ. ಹೀಗೆಂದು ಆ ಕಾಲದ ಸರ್ಕಾರಿ ವರದಿಯೇ ಗುರುತಿಸಿದೆ. ಲೋಖಂಡೆಯವರು ಅಧ್ಯಕ್ಷರೆಂದು ಕರೆದುಕೊಳ್ಳುತ್ತಿದ್ದರು, ಬಂದ ಕೂಲಿಕಾರರಿಗೆ ಸಲಹೆ ಹೇಳುತ್ತಿದ್ದರು, ಅಷ್ಟೇ. ಆದ್ದರಿಂದ ಇದನ್ನು ಸರಿಯಾದ ಅರ್ಥದಲ್ಲಿ ಕಾರ್ಮಿಕ ಸಂಘ ಎನ್ನಬಾರದು ಎಂಬ ಪಂಡಿತರೂ ಇದ್ದಾರೆ. ವರ್ಷ ವರ್ಷ ವಂತಿಗೆಯ ರಸೀತಿ ಹರಿಯುವ ನನ್ನಂಥ ಕಾರ್ಯದರ್ಶಿಗೆ ಇದನ್ನು ಓದಿ ನಗೆಯೂ ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ನಮ್ಮಲ್ಲಿ ಪಟ್ಟಿ ಇದೆ, ನಿಯಮಾವಳಿ ಇದೆ, ವಾರ್ಷಿಕ ಸಭೆಗೆ ಕೋರಂ ಇಲ್ಲ. ಅವರಲ್ಲಿ ಏನೂ ಇರಲಿಲ್ಲ, ಕರೆದರೆ ಹತ್ತು ಸಾವಿರ ಜನ ಬಂದರು.

ಉತ್ಪ್ರೇಕ್ಷೆ ಮಾಡುತ್ತಿಲ್ಲ. 1890ರ ಏಪ್ರಿಲ್ 24ರಂದು ಮುಂಬಯಿಯ ಮಹಾಲಕ್ಷ್ಮಿ ರೇಸ್ ಕೋರ್ಸ್ ಮೈದಾನದಲ್ಲಿ ಲೋಖಂಡೆಯವರು ಕರೆದ ಸಭೆಗೆ ಸುಮಾರು ಹತ್ತು ಸಾವಿರ ಗಿರಣಿ ಕೂಲಿಕಾರರು ಸೇರಿದರು. ಅಂದು ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು. 1890ರಲ್ಲಿ, ಹತ್ತು ಸಾವಿರ ಜನರೆದುರು, ಗಿರಣಿಯಲ್ಲಿ ದುಡಿಯುವ ಇಬ್ಬರು ಹೆಂಗಸರು! ಅವರ ದಿನ ನೆನೆಸಿಕೊಳ್ಳಿ. ಗಂಡಸು ಗಿರಣಿಯಿಂದ ಬಂದರೆ ತಾಟಿನ ಮುಂದೆ ಕೂರುತ್ತಾನೆ. ಹೆಂಗಸು ನಸುಕಿನಲ್ಲಿ ರೊಟ್ಟಿ ಬಡಿದು, ಮಗುವಿಗೆ ಹಾಲೂಡಿಸಿ ಗಿರಣಿಗೆ ಬಂದು, ಕತ್ತಲಾದ ಮೇಲೆ ಮನೆಗೆ ಹೋಗಿ ಮತ್ತೆ ಒಲೆ ಹಚ್ಚಬೇಕು. ವಾರಕ್ಕೊಂದು ಸೂಟಿ, ನಡುವೆ ಒಂದು ಬಿಡುವು ಎಂಬುದು ಅವರಿಗೆ ಇನ್ನೂ ಹೆಚ್ಚು ಬೇಕಾಗಿತ್ತು.

ಆ ಸಭೆ ವಾರದ ಸೂಟಿ ಕೇಳಿ ಮಾಲೀಕರ ಸಂಘಕ್ಕೆ ಅರ್ಜಿ ಕೊಟ್ಟಿತು. ಜೂನ್ 10ರಂದು ಮುಂಬಯಿ ಗಿರಣಿ ಮಾಲೀಕರ ಸಂಘ ರವಿವಾರದ ಸೂಟಿಗೆ ಒಪ್ಪಿತು. ಮುಷ್ಕರವಾಗಲಿಲ್ಲ, ಕಲ್ಲು ಬೀಳಲಿಲ್ಲ. ಒಂದೂವರೆ ತಿಂಗಳಲ್ಲಿ ಕೆಲಸವಾಯಿತು. ಕಾಯ್ದೆ ಹೇಗೂ ಬರುವ ಲಕ್ಷಣ ಇದ್ದುದರಿಂದ ಮಾಲೀಕರು ಮೊದಲೇ ಒಪ್ಪಿದರು ಎನ್ನಬಹುದು. ಆದರೆ ಆ ಮೈದಾನದ ಜನಸಂದಣಿ ಅವರ ಕಣ್ಣಿಗೆ ಬಿದ್ದೇ ಇತ್ತು.

ರವಿವಾರವೇ ಯಾಕೆ? ಅದು ಕ್ರೈಸ್ತರ ದಿನ, ಸರ್ಕಾರಿ ಕಚೇರಿಗಳಿಗೆ ಆಗಲೇ ಸೂಟಿ ಇತ್ತು ಎಂಬುದು ಒಂದು. ಆದರೆ ರವಿವಾರ ಜೇಜುರಿಯ ಖಂಡೋಬನ ವಾರವೂ ಹೌದು, ಬಹುಜನರ ಮನೆದೇವರ ದಿನ ಎಂಬುದನ್ನು ಲೋಖಂಡೆಯವರು ಮುಂದಿಟ್ಟರೆಂದು ಮಹಾರಾಷ್ಟ್ರದಲ್ಲಿ ಹೇಳುತ್ತಾರೆ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಏಳುಕೋಟಿ ಎಂದು ಭಂಡಾರ ಹಾರಿಸುವ ಮನೆಗಳು ಸೊಲ್ಲಾಪುರದಿಂದ ರಾಯದುರ್ಗದವರೆಗೆ ಎಷ್ಟಿಲ್ಲ! ರವಿವಾರವೆನ್ನಿ, ಭಾನುವಾರವೆನ್ನಿ, ಆಯ್ತವಾರವೆನ್ನಿ, ಒಂದೊಂದು ಊರಿನ ಸದಸ್ಯರದು ಒಂದೊಂದು ಮಾತು. ಸೂಟಿ ಮಾತ್ರ ಅದೇ.

ರವಿವಾರ ಯಂತ್ರ ನಿಂತರೂ ಮಧ್ಯಾಹ್ನದ ಅರ್ಧ ತಾಸು ಇನ್ನೂ ಬಾಕಿ ಇತ್ತು. ಅದೇ 1890ರಲ್ಲಿ ಭಾರತ ಸರ್ಕಾರ ಡಾಕ್ಟರ್ ಲೆತ್‌ಬ್ರಿಜ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ನೇಮಿಸಿತು. ಈ ಸಲ ಮುಂಬಯಿಯ ವಿಚಾರಣೆಗೆ ಲೋಖಂಡೆಯವರನ್ನೂ ಸೇರಿಸಿಕೊಂಡರು. ಆರು ವರ್ಷದ ಹಿಂದೆ ಹೊರಗೆ ನಿಂತು ಅರ್ಜಿ ಕೊಟ್ಟವರು ಈಗ ಒಳಗೆ ಕುಳಿತು ಕೂಲಿಕಾರರನ್ನು ಕೇಳುವಂತಾಯಿತು. ಕೂಲಿಕಾರ ಮ್ಯಾನೇಜರನ ಎದುರು ಬಾಯಿ ಬಿಡುವುದಿಲ್ಲ ಎಂಬುದು ಉಗ್ರಾಣದಲ್ಲಿ ದುಡಿದವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

1891ರಲ್ಲಿ ಹೊಸ ಕಾಯ್ದೆ ಆಯಿತು, 1892ರ ಜನವರಿಯಿಂದ ಜಾರಿಗೆ ಬಂತು. ಐವತ್ತು ಜನ ದುಡಿಯುವ ಕಾರ್ಖಾನೆಗೂ ಅದು ಅನ್ವಯ. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಸೇರಿಸುವಂತಿಲ್ಲ, ಒಂಬತ್ತರಿಂದ ಹದಿನಾಲ್ಕರವರಿಗೆ ದಿನಕ್ಕೆ ಏಳೇ ತಾಸು. ಹೆಂಗಸರಿಗೆ ಹನ್ನೊಂದು ತಾಸಿನ ಮಿತಿ, ಒಟ್ಟು ಒಂದೂವರೆ ತಾಸು ಬಿಡುವು. ಎಲ್ಲರಿಗೂ ವಾರಕ್ಕೊಂದು ಸೂಟಿ. ಮತ್ತು ಹಗಲು ಹನ್ನೆರಡರಿಂದ ಎರಡರ ನಡುವೆ ಅರ್ಧ ತಾಸು ಕೆಲಸ ಪೂರ್ತಿ ನಿಲ್ಲಬೇಕು. ಪಾಳಿ ಪದ್ಧತಿಗೆ ಒಪ್ಪಿಗೆ ಪಡೆದ ಕಾರ್ಖಾನೆಗಳಿಗೆ ಮಾತ್ರ ವಿನಾಯಿತಿ. ಅರ್ಜಿಯ ಐದು ಬೇಡಿಕೆಗಳಲ್ಲಿ ಎರಡು ಈಗ ಕಾಯ್ದೆಯ ಅಕ್ಷರಗಳಾದವು. ಗಂಡಸರ ಕೆಲಸದ ತಾಸಿಗೆ ಮಿತಿ ಬರಲು 1911ರವರೆಗೆ ಕಾಯಬೇಕಾಯಿತು, ಅದೂ ಹನ್ನೆರಡು ತಾಸು. ಈ ನಡುವೆ ವಿದ್ಯುತ್ ದೀಪ ಬಂದು ಗಿರಣಿಗಳು ಸೂರ್ಯನ ಹಂಗಿಲ್ಲದೆ ಓಡತೊಡಗಿದ್ದರಿಂದ ಕೆಲವು ಕಡೆ ಕಷ್ಟ ಮೊದಲಿಗಿಂತ ಹೆಚ್ಚಾಯಿತು.

ಸಭೆಯಲ್ಲಿ ಬಂದ ಬಿಸ್ಕತ್ತಿನ ತಕರಾರಿಗೂ ಇಲ್ಲೇ ಒಂದು ಮಾತು ಹೇಳುತ್ತೇನೆ. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ಐದು ತಾಸಿಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ಕಡಿಮೆ ಎಂದರೆ ಅರ್ಧ ತಾಸು ಬಿಡುವು ಕೊಡಬೇಕು ಎಂದಿತು. 250 ಜನರಿಗಿಂತ ಹೆಚ್ಚಿದ್ದರೆ ಕ್ಯಾಂಟೀನು, 150ಕ್ಕಿಂತ ಹೆಚ್ಚಿದ್ದರೆ ಕುಡಿಯುವ ನೀರಿನೊಡನೆ ಊಟದ ಕೋಣೆ ಎಂದಿತು. ಊಟದ ಕೋಣೆ ಇರುವಲ್ಲಿ ಕೆಲಸದ ಕೋಣೆಯಲ್ಲಿ ತಿನ್ನಬಾರದು ಎಂಬ ಮಾತೂ ಅದೇ ಕಲಮಿನಲ್ಲಿ ಇತ್ತು. ಧೂಳು, ಎಣ್ಣೆ, ರಾಸಾಯನಿಕ ಹೊಟ್ಟೆಗೆ ಹೋಗಬಾರದೆಂಬ ಕಾಳಜಿಯ ನಿಯಮ ಅದು. ಕೋಣೆಯನ್ನೂ ಹೊತ್ತನ್ನೂ ಕೊಟ್ಟ ಮೇಲೆ ತಾನೇ ಇಲ್ಲಿ ತಿನ್ನಬೇಡ ಎನ್ನುವ ಅಧಿಕಾರ? ಮೊದಲಿನ ಎರಡನ್ನು ಬಿಟ್ಟು ಕೊನೆಯದನ್ನು ಮಾತ್ರ ಗೋಡೆಗೆ ಅಂಟಿಸುವವರೂ ಇದ್ದಾರೆ. ನಾನು ದುಡಿದ ಒಂದು ಕಡೆ ಅಂಥ ಫಲಕ ಇತ್ತು, ಊಟದ ಕೋಣೆಯಲ್ಲಿ ಹಳೆಯ ಕಡತಗಳ ಗಂಟು ತುಂಬಿತ್ತು. ನಾವು ಮೆಟ್ಟಿಲ ಮೇಲೆ ಕುಳಿತು ಉಣ್ಣುತ್ತಿದ್ದೆವು.

ಲೋಖಂಡೆಯವರ ಉಳಿದ ಕೆಲಸಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಆ ಕಾಲದಲ್ಲಿ ವಿಧವೆಯರ ತಲೆ ಬೋಳಿಸುವ ಪದ್ಧತಿ ಇತ್ತಲ್ಲ, ಅದನ್ನು ನಿಲ್ಲಿಸಲು ಅವರು ಹಿಡಿದ ದಾರಿ ಬಹಳ ಜಾಣತನದ್ದು. ಭಾಷಣ ಮಾಡಿ ಶಾಸ್ತ್ರಿಗಳ ಜೊತೆ ವಾದಕ್ಕೆ ಕೂರಲಿಲ್ಲ. ಮುಂಬಯಿಯ ಕ್ಷೌರಿಕ ಬಂಧುಗಳ ಸಭೆ ಸೇರಿಸಿ, ನಮ್ಮ ಕತ್ತಿ ಇನ್ನು ಈ ಕೆಲಸಕ್ಕೆ ಇಲ್ಲ ಎಂದು ಅವರಿಂದಲೇ ನಿರ್ಣಯ ಮಾಡಿಸಿದರು. ದುಡಿಯುವವನು ಕೈ ಹಿಂತೆಗೆದರೆ ಏನಾಗುತ್ತದೆ ಎಂಬುದು ಗಿರಣಿಯಲ್ಲಿ ಕಲಿತ ಪಾಠವೇ ಇರಬೇಕು. 1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ನಡುವೆ ದೊಡ್ಡ ಗಲಭೆಯಾದಾಗ ಬೀದಿಗಿಳಿದು ಶಾಂತಿಗಾಗಿ ದುಡಿದರು. ಸರ್ಕಾರ ರಾವ್ ಬಹಾದ್ದೂರ್ ಪದವಿ ಕೊಟ್ಟಿತು. ಕೂಲಿಕಾರರ ಮುಂದಾಳು ಸರ್ಕಾರದ ಬಿರುದು ತೆಗೆದುಕೊಳ್ಳಬಹುದೇ ಎಂದು ಈಗ ಕೇಳಬಹುದು. ಆ ಕಾಲದಲ್ಲಿ ಮಾಳಿ ಜಾತಿಯ ಒಬ್ಬ ಗುಮಾಸ್ತನಿಗೆ ಕಚೇರಿಯ ಬಾಗಿಲು ತೆರೆಯಬೇಕಾದರೆ ಹೆಸರಿನ ಹಿಂದೆ ಅಂಥದೊಂದು ಬೇಕಿತ್ತೇನೋ. ನಾನು ದೊಡ್ಡದು ಮಾಡುವುದಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಪ್ಲೇಗು ಬಂತು. ಮೊದಲು ಕಾಣಿಸಿದ್ದು ಮಾಂಡವಿಯಲ್ಲೇ, ಲೋಖಂಡೆಯವರು ಹಿಂದೆ ಉಗ್ರಾಣ ನೋಡಿದ ಪೇಟೆಯಲ್ಲೇ. ಇದು ಪ್ಲೇಗೇ ಎಂದು ಗುರುತಿಸಿದವರು ಡಾಕ್ಟರ್ ಅಕಾಸಿಯೋ ವಿಯೆಗಾಸ್, ಗೋವೆಯ ಅರ್ಪೋರಾದವರು. ಗೋವೆಯ ನಮ್ಮ ಸದಸ್ಯರು ಈ ಹೆಸರನ್ನು ನೆನಪಿಡಬೇಕು. ಕೆಲವೇ ತಿಂಗಳಲ್ಲಿ ಊರಿನ ಅರ್ಧದಷ್ಟು ಜನ ಓಡಿಹೋದರು. ಗಿರಣಿ ಕೂಲಿಕಾರರು ಕೊಂಕಣಕ್ಕೆ, ಸಾತಾರೆಗೆ, ಘಟ್ಟದ ಮೇಲಿನ ಹಳ್ಳಿಗಳಿಗೆ ನಡೆದರು. ಕೂಲಿಕಾರರನ್ನು ಹಿಡಿದಿಡಲು ಮಾಲೀಕರು ಆಗ ದಿನದ ಪಗಾರ ದಿನವೇ ಕೊಡಲು ತೊಡಗಿದರು. 1884ರ ಅರ್ಜಿಗೆ ಮಣಿಯದವರು ಇಲಿಗಳ ರೋಗಕ್ಕೆ ಮಣಿದರು.

ಲೋಖಂಡೆಯವರು ಊರು ಬಿಡಲಿಲ್ಲ. ಹೋಗಲು ಜಾಗವಿಲ್ಲದ ಬಡವರ ನಡುವೆ, ರೋಗಿಗಳ ಸೇವೆಯಲ್ಲಿ ಓಡಾಡಿದರು. ಅದೇ ರೋಗ ಅವರಿಗೂ ತಗಲಿ 1897ರ ಫೆಬ್ರುವರಿ 9ರಂದು ತೀರಿಕೊಂಡರು. ಐವತ್ತು ತುಂಬಿರಲಿಲ್ಲ. ಅದಾದ ಒಂದು ತಿಂಗಳಿಗೆ, ಮಾರ್ಚ್ 10ರಂದು, ಪುಣೆಯಲ್ಲಿ ಪ್ಲೇಗಿನ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರೂ ಹೋದರು. ಜ್ಯೋತಿರಾಯರು 1890ರ ನವೆಂಬರಿನಲ್ಲೇ ತೀರಿಕೊಂಡಿದ್ದರು.

ಪಟ್ಟಿ, ನಿಧಿ ಇಲ್ಲದ ಸಂಘ ಅದರ ಅಧ್ಯಕ್ಷರೊಡನೆಯೇ ಮುಗಿಯಿತು. ಮುಂದೆ ಬಹಳ ವರ್ಷ ಲೋಖಂಡೆಯವರ ಹೆಸರು ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿ ಉಳಿಯಿತು. 2005ರಲ್ಲಿ ಭಾರತೀಯ ಅಂಚೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಒಂದು ಕಾಲಕ್ಕೆ ಅಂಚೆ ಖಾತೆಯಲ್ಲೇ ಗುಮಾಸ್ತಿಕೆ ಮಾಡಿದವರಿಗೆ ಇದು ಸಂದಿತು. ಮುಂಬಯಿಯ ಪರೇಲಿನಲ್ಲಿರುವ ರಾಜ್ಯದ ಕಾರ್ಮಿಕ ಅಧ್ಯಯನ ಸಂಸ್ಥೆಗೂ ಅವರ ಹೆಸರಿದೆ. ಸುಪಾರಿಬಾಗದ ಆ ಸಭೆ ನಡೆದದ್ದು ಅದೇ ಪರೇಲಿನಲ್ಲಿ.

ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಗಿರಣಿ, ಜಿನ್ನಿಂಗ್, ಬೀಡಿ, ಚಹಾ ತೋಟ, ಕಾರ್ಖಾನೆ ಎಲ್ಲೇ ದುಡಿದಿರಲಿ, ಅವರ ಊಟದ ಹೊತ್ತು ಹೇಗಿತ್ತು, ಬುತ್ತಿಯಲ್ಲಿ ಏನಿರುತ್ತಿತ್ತು, ಎಲ್ಲಿ ಕುಳಿತು ಉಣ್ಣುತ್ತಿದ್ದರು ಎಂದು ಕೇಳಿ ನಾಲ್ಕು ಸಾಲು ಬರೆದು ಕಳಿಸಿ. ಕಾಗುಣಿತ ತಪ್ಪಿದರೆ ಚಿಂತೆ ಬೇಡ, ತಿದ್ದಿಕೊಳ್ಳುತ್ತೇನೆ. ಬಂದಷ್ಟನ್ನೂ ಮುಂದಿನ ಪ್ರಕಟಣೆಯಲ್ಲಿ ಹಾಕೋಣ. ಮುಂದಿನ ಸಭೆ ಎಂದಿನಂತೆ ತಿಂಗಳ ಕೊನೆಯ ರವಿವಾರ. ಮಧ್ಯಾಹ್ನದ ಊಟ ಅಲ್ಲೇ ಇದೆ, ಒಂದೂವರೆ ತಾಸಿನ ಬಿಡುವೂ ಇದೆ. ಬರುವವರ ಸಂಖ್ಯೆ ಮೊದಲೇ ತಿಳಿಸಿದರೆ ಅಡಿಗೆಯವರಿಗೆ ಅನುಕೂಲ.

ಇಂತಿ ನಿಮ್ಮ,
ಕಾರ್ಯದರ್ಶಿ